ಕಲ್ಲಿದ್ದಲು ಮುಗಿದ ಮೇಲಿನ ಲೆಕ್ಕ



ಜಪಾನ್ ದೇಶದ ಉತ್ತರ ತುದಿಯ ಹೊಕ್ಕೈಡೊ ದ್ವೀಪದಲ್ಲಿ, ಸಪ್ಪೋರೊ ನಗರದಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಯೂಬಾರಿ ಎಂಬ ಬೆಟ್ಟದ ಊರೊಂದಿದೆ. ಎರಡು ಕಡೆ ಗುಡ್ಡ, ನಡುವೆ ಇಕ್ಕಟ್ಟಾದ ಕಣಿವೆ, ಕಣಿವೆಯಲ್ಲೊಂದು ಹೊಳೆ; ನಮ್ಮ ಘಟ್ಟದ ಮೇಲಿನವರಿಗೆ ಇಂಥ ಜಾಗ ಹೊಸದಲ್ಲ. ನೂರು ವರ್ಷ ಕಲ್ಲಿದ್ದಲು ತೆಗೆದು ಬದುಕಿದ ಆ ಊರಿನಲ್ಲಿ 1990ರಲ್ಲಿ ಕೊನೆಯ ಗಣಿ ಮುಚ್ಚಿತು. 2007ರಲ್ಲಿ ಊರಿನ ನಗರಸಭೆಯೇ ದಿವಾಳಿಯಾಯಿತು.

ಕಾಫಿ ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಹಿಮ ಸುರಿಯುವ ನಾಡಿನ ಕಲ್ಲಿದ್ದಲಿನ ಸಮಾಚಾರಕ್ಕೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಯೂಬಾರಿಯ ಚರಿತ್ರೆಯನ್ನು ಓದಿದಾಗ ಕಲ್ಲಿದ್ದಲಿನ ಭಾಗ ನಮಗೆ ದೂರದ್ದೆನಿಸುತ್ತದೆ. ಆದರೆ ಗಣಿ ಮುಚ್ಚಿದ ನಂತರ ಆ ಊರು ಲೆಕ್ಕ ಬರೆದ ರೀತಿ, ಮತ್ತು ಅದೇ ಊರಿನ ಹೊಲಗಳಲ್ಲಿ ಹದಿನೇಳು ಮನೆಯವರು ಕಟ್ಟಿದ ಒಂದು ಸಣ್ಣ ಸಂಘ, ಇವೆರಡೂ ನಮಗೆ ತೀರಾ ಹತ್ತಿರದ ವಿಷಯಗಳು. ಒಂದೇ ಆದಾಯವನ್ನು ನಂಬಿದ ಊರಿಗೆ ಆ ಆದಾಯ ನಿಂತಾಗ ಪೆಟ್ಟು ಬೀಳುವುದು ಸಹಜ. ಆ ಪೆಟ್ಟನ್ನು ಸಾಲದಿಂದ ಮುಚ್ಚಿ, ಏನೂ ಆಗಿಲ್ಲವೆಂದು ಪುಸ್ತಕದಲ್ಲಿ ತೋರಿಸಿದರೆ ಊರು ಎರಡನೆಯ ಬಾರಿ ಬೀಳುತ್ತದೆ, ಮತ್ತು ಎರಡನೆಯ ಬೀಳು ಮೊದಲನೆಯದಕ್ಕಿಂತ ಕಠಿಣವಾಗಿರುತ್ತದೆ ಎಂಬುದು ಈ ಲೇಖನದ ಸಾರ.

ಊರು ಬೆಳೆದ ಬಗೆ

ಹೊಕ್ಕೈಡೊ ದ್ವೀಪದ ಭೂಸಂಪತ್ತನ್ನು ಅರಿಯಲು ಜಪಾನ್ ಸರ್ಕಾರ 1870ರ ದಶಕದಲ್ಲಿ ಬೆಂಜಮಿನ್ ಸ್ಮಿತ್ ಲೈಮನ್ ಎಂಬ ಅಮೆರಿಕದ ಭೂವಿಜ್ಞಾನಿಯನ್ನು ಕರೆಸಿತ್ತು. ಅವರ ಕೈಕೆಳಗೆ ಕೆಲಸ ಕಲಿತ ಬಾನ್ ಇಚಿತಾರೊ ಎಂಬವರು 1888ರಲ್ಲಿ ಯೂಬಾರಿಯ ಕಣಿವೆಯಲ್ಲಿ ಕಲ್ಲಿದ್ದಲಿನ ದೊಡ್ಡ ಪದರವೊಂದನ್ನು ಪತ್ತೆ ಮಾಡಿದರು. ಏಳು ಮೀಟರಿನಷ್ಟು ದಪ್ಪದ ಪದರ ಅದು. ನೆಲದ ಮೇಲೆಯೇ ಕಾಣುತ್ತಿತ್ತು. 1889ರಲ್ಲಿ ಹೊಕ್ಕೈಡೊ ಕಲ್ಲಿದ್ದಲು ಮತ್ತು ರೈಲ್ವೆ ಕಂಪೆನಿ ಹುಟ್ಟಿತು. ಮರುವರ್ಷ ಗಣಿ ಕೆಲಸ ಆರಂಭವಾಯಿತು. 1892ರಲ್ಲಿ ಕಣಿವೆಗೆ ರೈಲು ಬಂತು. ಅಲ್ಲಿಂದ ಮುಂದೆ ಊರು ಬೆಳೆದದ್ದು ಗಣಿಯ ಬಾಯಿಯ ಸುತ್ತ.

ಮನೆ ಕಂಪೆನಿಯದು, ನೀರು ಕಂಪೆನಿಯದು, ಆಸ್ಪತ್ರೆ ಕಂಪೆನಿಯದು, ಸಾರ್ವಜನಿಕ ಸ್ನಾನಗೃಹವೂ ಕಂಪೆನಿಯದು. ಗುಡ್ಡದ ಇಳಿಜಾರಿನಲ್ಲಿ ಸಾಲು ಸಾಲಾಗಿ ಕಾರ್ಮಿಕರ ಮನೆಗಳು ಎದ್ದವು. ಗಣಿಗಳ ಸಂಖ್ಯೆ ಇಪ್ಪತ್ತನಾಲ್ಕರವರೆಗೆ ಏರಿತು. 1960ರ ಸುಮಾರಿಗೆ ಜನಸಂಖ್ಯೆ 1 ಲಕ್ಷ 16 ಸಾವಿರವನ್ನು ದಾಟಿತ್ತು. ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಬೇಕಾದ ಉತ್ತಮ ಜಾತಿಯ ಕಲ್ಲಿದ್ದಲು ಇಲ್ಲಿ ಸಿಗುತ್ತಿತ್ತು.

ಈ ಏಳಿಗೆಯ ಬೆಲೆಯನ್ನೂ ಹೇಳಬೇಕು. 1914ರಲ್ಲಿ ವಾಕಾನಾಬೆ ಎಂಬಲ್ಲಿನ ಗಣಿಯಲ್ಲಿ ಆದ ಸ್ಫೋಟವೊಂದರಲ್ಲೇ 423 ಜನ ಸತ್ತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊರಿಯಾ ಮತ್ತು ಚೀನಾದಿಂದ ಬಲವಂತವಾಗಿ ತಂದ ಜನರನ್ನು ಈ ಸುರಂಗಗಳಲ್ಲಿ ದುಡಿಸಿಕೊಳ್ಳಲಾಯಿತು. ಕಲ್ಲಿದ್ದಲಿನ ಊರಿನ ಹಳೆಯ ವೈಭವವನ್ನು ನೆನೆಯುವವರು ಇದನ್ನೂ ನೆನೆಯುವುದು ಧರ್ಮ.

ಗಣಿ ಮುಚ್ಚಿದ ಬಗೆ

1960ರ ದಶಕದಲ್ಲಿ ಜಪಾನ್ ಸರ್ಕಾರ ಕಲ್ಲಿದ್ದಲನ್ನು ಬಿಟ್ಟು ಪೆಟ್ರೋಲಿಯಂ ಎಣ್ಣೆಯ ಕಡೆಗೆ ತಿರುಗಿತು. ಹೊರದೇಶದ ಕಲ್ಲಿದ್ದಲೂ ಅಗ್ಗವಾಗಿ ಬರತೊಡಗಿತು. ಯೂಬಾರಿಯ ಗಣಿಗಳು ಒಂದೊಂದಾಗಿ ಮುಚ್ಚಿದವು. ಆದರೂ ಭರವಸೆ ಸುಲಭವಾಗಿ ಸಾಯುವುದಿಲ್ಲ. 1975ರಲ್ಲಿ ಕಂಪೆನಿಯು ಅತ್ಯಾಧುನಿಕವೆಂದು ಹೇಳಿಕೊಂಡ ಹೊಸ ಗಣಿಯೊಂದರಲ್ಲಿ ಉತ್ಪಾದನೆ ಆರಂಭಿಸಿತು. ಊರಿನ ಮುಂದಿನ ದಿನಗಳೆಲ್ಲ ಅದರಲ್ಲೇ ಇವೆ ಎಂದು ಜನ ನಂಬಿದರು.

1981ರ ಅಕ್ಟೋಬರ್ 16ರಂದು ಆ ಹೊಸ ಗಣಿಯಲ್ಲಿ ಅನಿಲ ಹಠಾತ್ತಾಗಿ ನುಗ್ಗಿ, ಬೆಂಕಿ ಹತ್ತಿತು. ಒಟ್ಟು 93 ಜನ ಸತ್ತರು. ಇವರಲ್ಲಿ ಹತ್ತು ಮಂದಿ ರಕ್ಷಣೆಗೆಂದು ಇಳಿದವರು. ಬೆಂಕಿ ಆರದಿದ್ದಾಗ ಸುರಂಗಕ್ಕೆ ನೀರು ಬಿಡುವುದೊಂದೇ ದಾರಿಯೆಂದು ಕಂಪೆನಿ ತೀರ್ಮಾನಿಸಿತು. ಒಳಗೆ ಇನ್ನೂ 59 ಮಂದಿ ಉಳಿದಿದ್ದರು. ಬದುಕಿದ್ದಾರೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಅವರ ಮನೆಯವರ ಒಪ್ಪಿಗೆ ಕೇಳಿ ನೀರು ಬಿಡಲಾಯಿತು. ವರ್ಷ ಕಳೆಯುವುದರೊಳಗೆ ಆ ಗಣಿ ಶಾಶ್ವತವಾಗಿ ಮುಚ್ಚಿತು. 1985ರಲ್ಲಿ ಮಿತ್ಸುಬಿಷಿಯ ಗಣಿಯಲ್ಲಿ ಮತ್ತೊಂದು ಸ್ಫೋಟವಾಗಿ 62 ಜನ ಸತ್ತರು. 1990ರಲ್ಲಿ ಆ ಗಣಿಯೂ ನಿಂತ ಮೇಲೆ ಯೂಬಾರಿಯಲ್ಲಿ ಕಲ್ಲಿದ್ದಲು ತೆಗೆಯುವವರೇ ಉಳಿಯಲಿಲ್ಲ.

ಸಾಲದ ಮೇಲೆ ನಿಂತ ಹೊಸ ಊರು

ಕಂಪೆನಿ ಹೊರಟುಹೋಯಿತು. ಮನೆ, ನೀರಿನ ಕೊಳವೆ, ಆಸ್ಪತ್ರೆ, ಜಮೀನು ಎಲ್ಲವೂ ಅಲ್ಲೇ ಉಳಿದವು. ಜನ ವಾಸವಿರುವಾಗ ನೀರು ನಿಲ್ಲಿಸುವಂತಿಲ್ಲ, ಆಸ್ಪತ್ರೆ ಮುಚ್ಚುವಂತಿಲ್ಲ. ನಗರಸಭೆ ಇವುಗಳನ್ನೆಲ್ಲ ಕೊಂಡು, ದುರಸ್ತಿ ಮಾಡಿ ನಡೆಸಬೇಕಾಯಿತು. ಗಣಿ ಮುಚ್ಚಿದ ನಂತರದ ಈ ಕೆಲಸಗಳಿಗೆ ತಗಲಿದ ವೆಚ್ಚ ಸುಮಾರು 5,800 ಕೋಟಿ ಯೆನ್ ಎಂದು ಲೆಕ್ಕ. ಅದರ ದೊಡ್ಡ ಪಾಲು ಸಾಲ. ಈ ಹೊರೆಗೆ ನಗರಸಭೆಯನ್ನು ಪೂರಾ ದೂಷಿಸುವುದು ಸರಿಯಲ್ಲ. ಲಾಭ ಕಂಪೆನಿಗೆ, ಇಂಧನ ನೀತಿಯ ತೀರ್ಮಾನ ಸರ್ಕಾರಕ್ಕೆ, ಉಳಿದ ಕಸ ಊರಿಗೆ ಎಂಬಂತಾದದ್ದು ನಿಜ.

1979ರಿಂದ 2003ರವರೆಗೆ ಆರು ಅವಧಿ ಮೇಯರ್ ಆಗಿದ್ದ ನಕಾತಾ ತೆತ್ಸುಜಿ ಅವರು ಸುಮ್ಮನೆ ಕೂರುವ ಮನುಷ್ಯರಾಗಿರಲಿಲ್ಲ. ‘ಕಲ್ಲಿದ್ದಲಿನಿಂದ ಪ್ರವಾಸೋದ್ಯಮಕ್ಕೆ’ ಎಂಬುದು ಅವರ ಘೋಷಣೆ. ಹಳೆಯ ಗಣಿಯ ಜಾಗದಲ್ಲಿ 1983ರಲ್ಲಿ ಕಲ್ಲಿದ್ದಲಿನ ಚರಿತ್ರೆಯ ಗ್ರಾಮವೊಂದು ತೆರೆಯಿತು. ವಸ್ತುಸಂಗ್ರಹಾಲಯ, ಮಕ್ಕಳ ಆಟದ ಯಂತ್ರಗಳು, ಯಂತ್ರಮಾನವರ ಪ್ರದರ್ಶನ, ಹೊಟೇಲು ಎಲ್ಲವೂ ಬಂದವು. ಕೊನೆಯ ಗಣಿ ಮುಚ್ಚಿದ 1990ರಲ್ಲೇ ಊರಿನಲ್ಲಿ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಶುರುವಾಯಿತು. ಬೆಟ್ಟದ ಹಿಮದ ಇಳಿಜಾರನ್ನು ಜಾರಾಟಕ್ಕೆ ನಡೆಸುತ್ತಿದ್ದ ಖಾಸಗಿ ಕಂಪೆನಿ ಕೈಬಿಟ್ಟಾಗ, 2002ರಲ್ಲಿ ನಗರಸಭೆಯೇ ಅದನ್ನು 260 ಕೋಟಿ ಯೆನ್ ಕೊಟ್ಟು ಕೊಂಡಿತು. ಮೊದಮೊದಲು ಜನ ಬಂದರು, ಪತ್ರಿಕೆಗಳು ಹೊಗಳಿದವು, ಬೇರೆ ಊರಿನವರು ಬಂದು ನೋಡಿ ಕಲಿತು ಹೋದರು. ಆಮೇಲೆ ಬರುವವರು ಕಡಿಮೆಯಾದರು. ಸಂಬಳ, ದುರಸ್ತಿ, ಬಡ್ಡಿ ಮಾತ್ರ ಕಡಿಮೆಯಾಗಲಿಲ್ಲ. ಕಲ್ಲಿದ್ದಲಿನ ಪ್ರದೇಶಗಳಿಗೆಂದು 1961ರಲ್ಲಿ ಮಾಡಿದ್ದ ವಿಶೇಷ ಕಾನೂನಿನ ಅವಧಿ 2001ರಲ್ಲಿ ಮುಗಿದು, ಸರ್ಕಾರದ ನೆರವಿನ ಆಧಾರವೂ ತಪ್ಪಿತು.

ಪುಸ್ತಕದಲ್ಲಿ ಸರಿ, ಪೆಟ್ಟಿಗೆಯಲ್ಲಿ ಇಲ್ಲ

ಸಂಘ ಸಂಸ್ಥೆಗಳ ಲೆಕ್ಕ ನೋಡುವವರು ಇನ್ನು ಮುಂದಿನದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಜಪಾನಿನ ನಗರಸಭೆಗಳ ಆರ್ಥಿಕ ವರ್ಷ ನಮ್ಮಂತೆಯೇ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದರೆ ಹಳೆಯ ವರ್ಷದ ಬಾಕಿ ವಸೂಲಿ ಮತ್ತು ಪಾವತಿಗಳನ್ನು ಮುಗಿಸಲು ಮೇ 31ರವರೆಗೆ ಎರಡು ತಿಂಗಳ ಅವಕಾಶವಿದೆ. ಈ ಎರಡು ತಿಂಗಳು ಹಳೆಯ ವರ್ಷದ ಪುಸ್ತಕವೂ ತೆರೆದಿರುತ್ತದೆ, ಹೊಸ ವರ್ಷದ ಪುಸ್ತಕವೂ ತೆರೆದಿರುತ್ತದೆ. ಯೂಬಾರಿಯ ಪ್ರವಾಸೋದ್ಯಮದಂಥ ವಿಶೇಷ ಖಾತೆಗಳಲ್ಲಿ ಪ್ರತಿ ವರ್ಷ ನಷ್ಟ. ನಗರಸಭೆ ಹೊಸ ವರ್ಷದ ಸಾಮಾನ್ಯ ಖಾತೆಯಿಂದ ಹಣ ತೆಗೆದು ಹಳೆಯ ವರ್ಷದ ನಷ್ಟದ ಖಾತೆಗೆ ಸಾಲವೆಂದು ಹಾಕುತ್ತಿತ್ತು. ಹಳೆಯ ಪುಸ್ತಕ ಸರಿಹೊಂದುತ್ತಿತ್ತು. ಹೊಸ ಪುಸ್ತಕದ ತೂತನ್ನು ಬ್ಯಾಂಕಿನ ಅಲ್ಪಾವಧಿ ಸಾಲದಿಂದ ಮುಚ್ಚುತ್ತಿತ್ತು. ಮರುವರ್ಷ ಏಪ್ರಿಲಿನಲ್ಲಿ ಮತ್ತೆ ಅದೇ ಕೆಲಸ, ಮೊತ್ತ ಮಾತ್ರ ಸ್ವಲ್ಪ ದೊಡ್ಡದು. ಹೀಗೆ ವರ್ಷಗಟ್ಟಲೆ ನಡೆಯಿತು. ಕಾಗದದ ಮೇಲೆ ಯೂಬಾರಿ ನಷ್ಟವಿಲ್ಲದ ನಗರಸಭೆ.

2006ರ ಜೂನ್ ತಿಂಗಳಲ್ಲಿ ಸಂಗತಿ ಹೊರಬಿತ್ತು. 2007ರ ಮಾರ್ಚಿನಲ್ಲಿ ಸರ್ಕಾರ ನಗರಸಭೆಯನ್ನು ಅಧಿಕೃತವಾಗಿ ತನ್ನ ಆರ್ಥಿಕ ಮೇಲ್ವಿಚಾರಣೆಗೆ ಒಳಪಡಿಸಿತು. 3,530 ಕೋಟಿ ಯೆನ್ ಬಾಕಿಯನ್ನು 18 ವರ್ಷಗಳಲ್ಲಿ ತೀರಿಸಬೇಕೆಂದು ಗೊತ್ತುಪಡಿಸಲಾಯಿತು. ಆ ಹೊತ್ತಿಗೆ ಊರಿನಲ್ಲಿ ಉಳಿದಿದ್ದವರು ಸುಮಾರು 13 ಸಾವಿರ ಜನ. ಮಗು ಮುದುಕರೆನ್ನದೆ ಎಣಿಸಿದರೆ ತಲೆಗೆ 27 ಲಕ್ಷ ಯೆನ್. ಮುಂದೆ 2010ರಲ್ಲಿ ಯೋಜನೆಯನ್ನು ತಿದ್ದಿ, 2026-27ರ ಆರ್ಥಿಕ ವರ್ಷದವರೆಗೆ ಕಂತುಗಳನ್ನು ನಿಗದಿ ಮಾಡಲಾಯಿತು.

ಇದರ ಫಲವನ್ನು ಉಂಡವರು ಯಾರು? ಮೇಯರ್ ಸಂಬಳ ಶೇಕಡಾ 70ರಷ್ಟು, ನೌಕರರ ಸಂಬಳ ಸರಾಸರಿ ಶೇಕಡಾ 30ರಷ್ಟು ಇಳಿಯಿತು. ಅರ್ಧದಷ್ಟು ನೌಕರರು ಬಿಟ್ಟುಹೋದರು. 171 ಹಾಸಿಗೆಗಳಿದ್ದ ಆಸ್ಪತ್ರೆ 19 ಹಾಸಿಗೆಗಳ ಚಿಕಿತ್ಸಾಲಯವಾಯಿತು. ಗ್ರಂಥಾಲಯ ಮುಚ್ಚಿತು. ಹಲವು ಪ್ರಾಥಮಿಕ ಶಾಲೆಗಳನ್ನು ಸೇರಿಸಿ ಒಂದೇ ಶಾಲೆ ಮಾಡಲಾಯಿತು. ನಿವಾಸಿಗಳ ತೆರಿಗೆ ಏರಿತು. ಕಸ ಒಯ್ಯುವುದಕ್ಕೂ ಶುಲ್ಕ ಬಂತು. ಸೇವೆ ಕಡಿಮೆ, ತೆರಿಗೆ ಹೆಚ್ಚು ಎಂದಾದ ಮೇಲೆ ದುಡಿಯುವ ವಯಸ್ಸಿನವರು ಯಾಕೆ ನಿಲ್ಲುತ್ತಾರೆ? 2020ರ ಜನಗಣತಿಯಲ್ಲಿ ಊರಿನ ಜನ ಸುಮಾರು 7,300. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ದಾಟಿದವರು.

ಟೋಕಿಯೊ ಆಡಳಿತದಿಂದ 2008ರಲ್ಲಿ ನೆರವಿಗೆಂದು ಬಂದ ಸುಜುಕಿ ನಾವೊಮಿಚಿ ಎಂಬ ತರುಣ ನೌಕರರು 2011ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಅಲ್ಲಿಯ ಮೇಯರ್ ಆಗಿ ಆಯ್ಕೆಯಾದರು. ಊರು ಮತ್ತೆ ಲಕ್ಷ ಜನರ ಊರಾಗದು ಎಂಬುದನ್ನು ಒಪ್ಪಿಕೊಂಡೇ ಅವರು ಕೆಲಸ ಮಾಡಿದರು. ಚದುರಿದ ಮನೆಗಳವರನ್ನು ಒಂದು ಕಡೆ ಹತ್ತಿರ ತರುವ ಯೋಜನೆ ಹಾಕಿದರು. ನಷ್ಟದಲ್ಲಿದ್ದ ರೈಲು ಮಾರ್ಗವನ್ನು ಮುಚ್ಚಲು ತಾವೇ ಮುಂದಾಗಿ ಒಪ್ಪಿ, ಬದಲಿಗೆ ಬಸ್ಸಿನ ಅನುಕೂಲವನ್ನು ಪಡೆದರು. 1892ರಲ್ಲಿ ಬಂದಿದ್ದ ಆ ರೈಲು 2019ರ ಮಾರ್ಚ್ 31ರಂದು ಕೊನೆಯ ಸಲ ಓಡಿತು. ಅದೇ ವರ್ಷ ಅವರು ಹೊಕ್ಕೈಡೊ ಪ್ರಾಂತದ ಗವರ್ನರ್ ಆಗಿ ಆಯ್ಕೆಯಾದರು. ಇಳಿಮುಖವನ್ನು ಬಾಯಿಬಿಟ್ಟು ಹೇಳಿದರೆ ಜನ ಓಟು ಕೊಡುವುದಿಲ್ಲವೆಂಬ ಮಾತು ಎಲ್ಲ ಕಾಲಕ್ಕೂ ನಿಜವಲ್ಲ.

ಹದಿನೇಳು ಮನೆಯವರ ಸಂಘ

ಈಗ ಅದೇ ಊರಿನ ಇನ್ನೊಂದು ಮುಖ. ಗಣಿಗಳ ಊರು ತುತ್ತತುದಿಯಲ್ಲಿದ್ದ 1960ರಲ್ಲೇ ಅಲ್ಲಿಯ ಹದಿನೇಳು ಮಂದಿ ರೈತರು ಕೂಡಿ ಕರಬೂಜ ಹಣ್ಣಿನ ಬೆಳೆಗಾರರ ಸಂಘವೊಂದನ್ನು ಕಟ್ಟಿದರು. ಕಣಿವೆಯ ಜಮೀನು ಕಿರಿದು. ಮಣ್ಣು ಜ್ವಾಲಾಮುಖಿಯ ಬೂದಿಯದು, ನೀರು ನಿಲ್ಲುವುದಿಲ್ಲ. ಹಗಲಿಗೂ ರಾತ್ರಿಗೂ ತಾಪಮಾನದಲ್ಲಿ ದೊಡ್ಡ ವ್ಯತ್ಯಾಸ. ಬತ್ತಕ್ಕೆ ಇದು ಒಳ್ಳೆಯ ನೆಲವಲ್ಲ, ಕರಬೂಜಕ್ಕೆ ಹಿತ. ಅಲ್ಲಿ ಮೊದಲೇ ಬೆಳೆಯುತ್ತಿದ್ದ ತಳಿಗೆ ಪರಿಮಳವಿತ್ತು, ಸಿಹಿ ಸಾಲದು. ಸಿಹಿಯಾದ ಇನ್ನೊಂದು ತಳಿಯೊಡನೆ ಅದನ್ನು ಕೂಡಿಸಿ, ‘ಯೂಬಾರಿ ಕಿಂಗ್’ ಎಂಬ ಸಂಕರ ತಳಿ ಮಾಡಿದರು. ತಿರುಳು ಕಿತ್ತಳೆ ಬಣ್ಣ. ಹಣ್ಣಾದರೆ ಬೇಗ ಮೆತ್ತಗಾಗುತ್ತದೆ, ಹೆಚ್ಚು ದಿನ ಇಡುವಂತಿಲ್ಲ.

ಅವರು ಮಾಡಿದ ಕಟ್ಟುಪಾಡುಗಳನ್ನು ಗಮನಿಸಿ. ಬೀಜ ಸಹಕಾರ ಸಂಘದ ವಶದಲ್ಲಿ. ಸದಸ್ಯರಿಗಲ್ಲದೆ ಯಾರಿಗೂ ಕೊಡುವುದಿಲ್ಲ. ಸಂಕರ ತಳಿಯಾದ್ದರಿಂದ ಹಣ್ಣಿನ ಬೀಜ ಬಿತ್ತಿದರೆ ಅದೇ ಹಣ್ಣು ಬರುವುದಿಲ್ಲ. ಪ್ರತಿ ವರ್ಷ ಸಂಘದಿಂದಲೇ ಪಡೆಯಬೇಕು. ಬೆಳೆದ ಹಣ್ಣು ಸಂಘದ ಅಂಗಳಕ್ಕೆ ಬಂದು ತಪಾಸಣೆಯಾಗಬೇಕು. ಸಿಹಿ, ಆಕಾರ, ಮೇಲಿನ ಬಲೆಯ ಗೆರೆ ಎಲ್ಲವನ್ನೂ ನೋಡಿ ನಾಲ್ಕು ದರ್ಜೆ ಮಾಡುತ್ತಾರೆ. ದರ್ಜೆಗೆ ಸಲ್ಲದ ಹಣ್ಣು ಯಾರದೇ ಆಗಿರಲಿ, ಊರಿನ ಹೆಸರಿನಲ್ಲಿ ಪೇಟೆಗೆ ಹೋಗುವುದಿಲ್ಲ. ‘ಯೂಬಾರಿ ಕರಬೂಜ’ ಎಂಬ ಹೆಸರನ್ನು 1993ರಲ್ಲಿ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿದರು. ಜಪಾನಿನಲ್ಲಿ ಭೌಗೋಳಿಕ ಗುರುತಿನ ಕಾನೂನು ಜಾರಿಗೆ ಬಂದಾಗ, 2015ರ ಡಿಸೆಂಬರಿನಲ್ಲಿ ನೋಂದಣಿಯಾದ ಮೊದಲ ಏಳು ಪದಾರ್ಥಗಳಲ್ಲಿ ಇದೂ ಒಂದು.

ಪ್ರತಿ ಹಂಗಾಮಿನ ಮೊದಲ ಹರಾಜಿನ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. 2019ರಲ್ಲಿ ಎರಡು ಹಣ್ಣಿಗೆ 50 ಲಕ್ಷ ಯೆನ್ ಬಂತು. 2020ರಲ್ಲಿ, ಕೊರೋನಾದ ಕಾಲದಲ್ಲಿ, ಅಂಥದೇ ಎರಡು ಹಣ್ಣಿಗೆ 1 ಲಕ್ಷ 20 ಸಾವಿರ. ಇವೆರಡೂ ರೈತನ ಬೆಲೆಯಲ್ಲ, ಪ್ರಚಾರದ ಬೆಲೆ. ನಮ್ಮಲ್ಲಿಯೂ ಒಂದು ಚೀಲ ಕಾಫಿ ಹೊರದೇಶದ ಹರಾಜಿನಲ್ಲಿ ದಾಖಲೆ ಬೆಲೆಗೆ ಹೋದ ಸುದ್ದಿ ಬರುತ್ತದೆ. ಅದರಿಂದ ಎರಡೆಕರೆಯವನ ಮಗಳ ಮದುವೆ ನಡೆಯುವುದಿಲ್ಲ. ಯೂಬಾರಿಯ ಬೆಳೆಗಾರನನ್ನು ನಿಲ್ಲಿಸಿದ್ದು ಹರಾಜಿನ ಆ ಒಂದು ದಿನಕ್ಕಿಂತ, ಉಳಿದ ದಿನಗಳಲ್ಲಿ ಸಂಘದ ಅಂಗಳದಲ್ಲಿ ನಡೆದ ತಪಾಸಣೆ.

ಇಲ್ಲಿ ಅತಿಶಯೋಕ್ತಿ ಬೇಡ. ಕರಬೂಜ ಊರಿನ ಸಾಲ ತೀರಿಸಲಿಲ್ಲ. ಒಂದು ಲಕ್ಷ ಜನರಿಗೆ ಅನ್ನ ಕೊಡಬಲ್ಲ ಬೆಳೆಯೂ ಅದಲ್ಲ. ಬೆಳೆಗಾರರಿಗೂ ವಯಸ್ಸಾಗುತ್ತಿದೆ, ಅವರ ಸಂಖ್ಯೆಯೂ ಇಳಿಯುತ್ತಿದೆ. ಆದರೆ ಕಂಪೆನಿ ಹೋಯಿತು, ಪ್ರವಾಸೋದ್ಯಮ ಬಿತ್ತು, ನಗರಸಭೆ ದಿವಾಳಿಯಾಯಿತು. ಅಷ್ಟಾದರೂ ಊರಿನ ಹೆಸರು ಗೌರವದಿಂದ ಹೊರಗೆ ಹೋಗುತ್ತಿರುವುದು ಆ ಹಣ್ಣಿನ ಪೆಟ್ಟಿಗೆಯ ಮೇಲೆ. ಸಣ್ಣ ಹಿಡುವಳಿದಾರರು ತಾವೇ ಮಾಡಿಕೊಂಡ ನಿಯಮವನ್ನು ತಮ್ಮ ಮೇಲೆಯೇ ಜಾರಿ ಮಾಡಿಕೊಂಡ ಫಲ ಇದು.

ನಮ್ಮ ಮಾತು

ಗಣಿಯ ಊರು ಬರಿದಾಗುವುದನ್ನು ನೋಡಲು ನಾವು ಜಪಾನಿನವರೆಗೆ ಹೋಗಬೇಕಿಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಅಲ್ಲಿಯ ಗಣಿಯನ್ನು ನಿಲ್ಲಿಸಿತು. ಕಂಪೆನಿಗಾಗಿ ಕಟ್ಟಿದ ಪಟ್ಟಣ ಬಹುಪಾಲು ಖಾಲಿಯಾಯಿತು. ಅದಕ್ಕೆ ಹತ್ತಿರದ ಸಂಸೆ, ಕಳಸಗಳ ತೋಟಗಳು ಇಂದಿಗೂ ಫಸಲು ಕೊಡುತ್ತಿವೆ. ಇದನ್ನು ಕಂಡು ‘ತೋಟದವರಿಗೆ ಭಯವಿಲ್ಲ, ಭೂಮಿ ಎಲ್ಲಿ ಹೋಗುತ್ತದೆ’ ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಭೂಮಿ ಹೋಗದು, ಬೆಲೆ ಹೋಗಬಹುದು, ಗಿಡ ಹೋಗಬಹುದು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗದಿಂದ ಅಡಿಕೆ ತೋಟ ಕಳೆದುಕೊಂಡವರನ್ನು ಕೇಳಿ. 2001-02ರಲ್ಲಿ ಕಾಫಿ ಬೆಲೆ ದಶಕಗಳಲ್ಲಿ ಕಾಣದ ಕೆಳಮಟ್ಟಕ್ಕೆ ಇಳಿದಾಗ ತೋಟ ಮಾರಿದವರನ್ನು ಕೇಳಿ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಮ್ಮ ಅಭಿಪ್ರಾಯ ಏನೇ ಇರಲಿ, ಒಂದು ದಿನ ಯಾವುದೋ ಸರ್ಕಾರ ಒಂದು ಸಹಿ ಹಾಕಿದರೆ ಪೇಟೆ ಬದಲಾಗುತ್ತದೆ. ಜಪಾನ್ ಎಣ್ಣೆಯ ಕಡೆಗೆ ತಿರುಗಿದಾಗ ಯೂಬಾರಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

2024-25ರ ಹಂಗಾಮಿನಲ್ಲಿ ಕಾಫಿ ಬೆಲೆ ನಮ್ಮಲ್ಲಿ ಯಾರೂ ಹಿಂದೆ ಕಾಣದ ಎತ್ತರಕ್ಕೆ ಹೋಯಿತು. ಒಳ್ಳೆಯ ಬೆಲೆ ಬಂದ ವರ್ಷ ಕೆಟ್ಟ ವರ್ಷದ ಮಾತಾಡಿದರೆ ಅಪಶಕುನ ಎನ್ನುವವರಿದ್ದಾರೆ. ಬೆಲೆ ಬಿದ್ದ ವರ್ಷ ಈ ಮಾತಾಡಿ ಪ್ರಯೋಜನವೇನು? ಆಗ ಉಳಿಸಲು ಕೈಯಲ್ಲಿ ಏನಿರುತ್ತದೆ?

ನನ್ನ ಮುಖ್ಯ ಕಳವಳ ಮಾರ್ಚ್ ತಿಂಗಳ ಕೊನೆಯ ವಾರದ್ದು. ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿಯಿಲ್ಲ. ಹೀಗಾಗಿ ಆ ವಾರ ಮಲೆನಾಡಿನ ಬಹಳಷ್ಟು ಊರುಗಳಲ್ಲಿ ಒಂದೇ ಚಿತ್ರ. ಸದಸ್ಯರು ಮಂಡಿಯಲ್ಲೋ, ಕೈಗಡ ಕೊಡುವವರಲ್ಲೋ ದಿನದ ಬಡ್ಡಿಗೆ ಹಣ ತಂದು ಸಂಘದ ಸಾಲ ಕಟ್ಟುತ್ತಾರೆ. ಕೆಲವು ದಿನಗಳಲ್ಲಿ ಹೊಸ ಸಾಲ ಪಡೆದು ಆ ಕೈಗಡ ತೀರಿಸುತ್ತಾರೆ. ಸಂಘದ ಪುಸ್ತಕದಲ್ಲಿ ವಸೂಲಿ ನೂರಕ್ಕೆ ತೊಂಬತ್ತೆಂಟು. ಅದರಲ್ಲಿ ಫಸಲಿನ ಹಣದಿಂದ ಬಂದದ್ದೆಷ್ಟು, ಕೈಗಡದಿಂದ ಬಂದದ್ದೆಷ್ಟು ಎಂಬುದನ್ನು ಯಾವ ತಖ್ತೆಯೂ ತೋರಿಸುವುದಿಲ್ಲ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಸದಸ್ಯನಿಗೆ ಬೇರೆ ದಾರಿಯೂ ಇಲ್ಲವೆನ್ನಿ. ಆದರೆ ಹಳೆಯ ಪುಸ್ತಕದ ತೂತನ್ನು ಹೊಸ ಪುಸ್ತಕದಿಂದ ಮುಚ್ಚುವ ಯೂಬಾರಿಯ ಪದ್ಧತಿಗೂ ಇದಕ್ಕೂ ಎಷ್ಟು ದೂರ? ಬೆಲೆ ಚೆನ್ನಾಗಿರುವವರೆಗೆ ಚಕ್ರ ಉರುಳುತ್ತದೆ. ಒಂದು ವರ್ಷ ಬೆಲೆ ಬಿದ್ದು, ಕೈಗಡ ಕೊಡುವವನೂ ಕೈ ಹಿಂದೆಗೆದರೆ, ತೊಂಬತ್ತೆಂಟು ಒಂದೇ ವಾರದಲ್ಲಿ ಅರವತ್ತಾಗಬಹುದು. ಆ ದಿನ ಗಾಬರಿಯಾಗುವುದಕ್ಕಿಂತ, ನಿಜವಾದ ಅಂಕಿ ಇಂದೇ ನಮ್ಮ ಮುಂದಿರುವುದು ಒಳ್ಳೆಯದು.

ಈ ಕಾರಣದಿಂದ ಮುಂದಿನ ವಾರ್ಷಿಕ ಮಹಾಸಭೆಯ ಮುಂದೆ ನಾಲ್ಕು ಸಲಹೆಗಳನ್ನು ಇಡಲು ಬಯಸುತ್ತೇನೆ. ಸದಸ್ಯರು ಈಗಿನಿಂದಲೇ ಯೋಚಿಸಿ ಬರಬೇಕು.

ಮೊದಲನೆಯದು, ಸಾಲ ಮರುಪಾವತಿಯ ಅಂಕಿಯನ್ನು ಎರಡಾಗಿ ಒಡೆದು ಸಭೆಯಲ್ಲಿ ಓದಬೇಕು: ಫಸಲು ಮಾರಿ ಕಟ್ಟಿದ್ದು, ಮತ್ತು ಕೂಡಲೇ ನವೀಕರಣವಾದದ್ದು. ಯಾರ ಹೆಸರನ್ನೂ ಹೇಳಬೇಕಿಲ್ಲ, ಮೊತ್ತ ಸಾಕು. ಇದರಿಂದ ಸಂಘದ ಮರ್ಯಾದೆ ಹೋಗುತ್ತದೆ ಎಂಬ ವಾದವಿದೆ. ಯೂಬಾರಿಯ ನಗರಸಭೆಯೂ ತನ್ನ ಮರ್ಯಾದೆಯನ್ನು ಹಾಗೆಯೇ ಕಾಯ್ದುಕೊಂಡಿತ್ತು.

ಎರಡನೆಯದು, ಒಳ್ಳೆಯ ಬೆಲೆಯ ವರ್ಷ ಸಂಘದ ಮೂಲಕ ಮಾರಿದ ಪ್ರತಿ ಕ್ವಿಂಟಾಲಿಗೆ ಒಂದು ನಿಗದಿತ ಮೊತ್ತವನ್ನು ಸದಸ್ಯರ ಹೆಸರಿನಲ್ಲೇ ಠೇವಣಿ ಇಡಬೇಕು. ಹಣ ಸದಸ್ಯನದೇ, ಬಡ್ಡಿಯೂ ಅವನದೇ. ಬೆಲೆ ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದ ವರ್ಷ, ಅಥವಾ ಕೊಳೆ ರೋಗ, ಎಲೆಚುಕ್ಕಿ ರೋಗದಿಂದ ಫಸಲು ಹೋದ ವರ್ಷ ಮಾತ್ರ ಅದನ್ನು ತೆಗೆಯಬಹುದು. ಮೊತ್ತ ಎಷ್ಟಿರಬೇಕೆಂದು ಸಭೆಯೇ ತೀರ್ಮಾನಿಸಲಿ. ಎರಡೆಕರೆಯವನಿಗೂ ಇಪ್ಪತ್ತೆಕರೆಯವನಿಗೂ ಒಂದೇ ದರ ಇರಬೇಕೆಂದೇನಿಲ್ಲ.

ಮೂರನೆಯದು ದರ್ಜೆಯ ವಿಷಯ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೂ ಸಿರ್ಸಿಯ ಅಡಿಕೆಗೂ ಭೌಗೋಳಿಕ ಗುರುತು ಸಿಕ್ಕಿತು. ಸಂತೋಷದ ವಿಷಯ. ಆದರೆ ಗುರುತಿನ ಪತ್ರವನ್ನು ಗೋಡೆಗೆ ಹಾಕಿದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಲ್ಲಿಂದಲೋ ಬಂದ ಅಡಿಕೆಯನ್ನು ನಮ್ಮ ರಾಶಿಯೊಡನೆ ಬೆರೆಸುವುದು, ಬಣ್ಣ ಹಾಕುವುದು, ಅರ್ಧ ಹಣ್ಣು ಅರ್ಧ ಕಾಯಿ ಕುಯ್ದ ಕಾಫಿಯನ್ನು ಪಾರ್ಚ್‌ಮೆಂಟ್ ಮಾಡಿ ತರುವುದು, ಇವನ್ನೆಲ್ಲ ತಡೆಯುವವರು ಯಾರು? ದೆಹಲಿಯ ಅಧಿಕಾರಿ ಬಂದು ತಡೆಯುವುದಿಲ್ಲ. ಸಂಘದ ಅಂಗಳದಲ್ಲಿ ನಮ್ಮವರೇ ನೋಡಬೇಕು. ಮಾಲು ಯಾರದೆಂದು ನೋಡುವವನಿಗೆ ಗೊತ್ತಿರಬಾರದು. ದರ್ಜೆಗೆ ಸಲ್ಲದ ಮಾಲನ್ನು ಬೇರೆಯಾಗಿ ಮಾರಿಕೊಡೋಣ. ಸಂಘದ ಮುದ್ರೆ ಅದಕ್ಕೆ ಬೇಡ. ಅಧ್ಯಕ್ಷರ ಮಾಲಾದರೂ, ಕಾರ್ಯದರ್ಶಿಯ ಮಾಲಾದರೂ ಇದೇ ನಿಯಮ. 1970ರ ದಶಕದ ಮೊದಲಲ್ಲಿ ಅಡಿಕೆ ಬೆಲೆ ಕುಸಿದಾಗ ಬೆಳೆಗಾರರು ಒಗ್ಗೂಡಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕಷ್ಟ ಬಂದಾಗ ಕೂಡುವುದು ನಮ್ಮವರಿಗೆ ಗೊತ್ತು. ಸುಖದ ಕಾಲದಲ್ಲಿ ನಿಯಮಕ್ಕೆ ಒಳಪಡುವುದನ್ನು ಇನ್ನೂ ಕಲಿಯಬೇಕಾಗಿದೆ.

ನಾಲ್ಕನೆಯದು, ಸಂಘ ಸಾಲ ತೆಗೆದು ಕಟ್ಟುವ ಯಾವುದೇ ಕಟ್ಟಡಕ್ಕೆ ಕಟ್ಟುವ ಖರ್ಚಿನ ಜೊತೆಗೆ ಹತ್ತು ವರ್ಷ ನಡೆಸುವ ಖರ್ಚನ್ನೂ ಸಭೆಗೆ ತೋರಿಸಬೇಕು. ಸಮುದಾಯ ಭವನವಾಗಲಿ, ಪ್ರವಾಸಿಗರ ವಸತಿ ಗೃಹವಾಗಲಿ, ಉದ್ಘಾಟನೆಯ ಫೋಟೊ ಒಂದು ದಿನದ್ದು. ಬಡ್ಡಿ, ಬಣ್ಣ, ಸಂಬಳ ಪ್ರತಿ ತಿಂಗಳಿನದು. ನಮ್ಮ ಊರುಗಳಲ್ಲಿ ಮಕ್ಕಳು ಬೆಂಗಳೂರು ಸೇರಿ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದಿರುವ ತೋಟಗಳು ಎಷ್ಟಾಗಿವೆ ಎಂದು ಪ್ರತಿಯೊಬ್ಬರೂ ತಮ್ಮ ಕೇರಿಯಲ್ಲಿ ಎಣಿಸಿ ನೋಡಬಹುದು. ಇನ್ನು ಇಪ್ಪತ್ತು ವರ್ಷಕ್ಕೆ ಸದಸ್ಯರು ಎಷ್ಟು ಉಳಿಯುತ್ತಾರೆ ಎಂಬ ಲೆಕ್ಕ ಹಾಕಿ ಗೋದಾಮು ಕಟ್ಟಬೇಕೇ ಹೊರತು, ಹಿಂದೆ ಎಷ್ಟಿದ್ದರು ಎಂಬುದರ ಮೇಲಲ್ಲ.

ಇವೆಲ್ಲ ಹೆದರಿಸಲು ಹೇಳಿದ್ದಲ್ಲ. ಯೂಬಾರಿಯವರಿಗೂ ಹಾಸ್ಯ ಉಳಿದಿತ್ತು. ಅವರ ಭಾಷೆಯಲ್ಲಿ ಸಾಲಕ್ಕೂ ಗಂಡ ಹೆಂಡತಿಯ ಜೋಡಿಗೂ ಒಂದೇ ಉಚ್ಚಾರದ ಪದವಿದೆ. ದಿವಾಳಿಯಾದ ಮೇಲೆ ‘ಹಣವಿಲ್ಲ, ಪ್ರೀತಿ ಇದೆ’ ಎಂದು ದಂಪತಿಗಳ ಬೊಂಬೆಯನ್ನೇ ಊರಿನ ಗುರುತು ಮಾಡಿಕೊಂಡರು. ನಗರಸಭೆ ಕೈಬಿಟ್ಟ ಚಲನಚಿತ್ರೋತ್ಸವವನ್ನು ಊರಿನವರೇ 2008ರಲ್ಲಿ ಮತ್ತೆ ನಡೆಸಿದರು. ಆ ಜನರ ದುಡಿಮೆಯಲ್ಲಿ, ಧೈರ್ಯದಲ್ಲಿ ಕೊರತೆಯಿರಲಿಲ್ಲ. ಸರಿಯಾದ ಲೆಕ್ಕವನ್ನು ಅವರಿಗೆ ಸಕಾಲದಲ್ಲಿ ಯಾರೂ ಹೇಳಲಿಲ್ಲ, ಅಷ್ಟೆ. ನಮ್ಮ ಸಂಘದ ಲೆಕ್ಕ ನಮ್ಮ ಕೈಯಲ್ಲೇ ಇದೆ. ಮಹಾಸಭೆಯ ನೋಟೀಸು ಬಂದಾಗ ದಯವಿಟ್ಟು ಬನ್ನಿ. ವರದಿಯನ್ನು ಓದಿಕೊಂಡು ಬನ್ನಿ. ಊಟದ ಹೊತ್ತಿಗೆ ಮಾತ್ರ ಬರಬೇಡಿ.

— ಕಾರ್ಯದರ್ಶಿ